ಉಳಿದ ಚೀಟಿ

ಹುಡುಗಿ ನೋಡಲು ಬರುತ್ತೇನೆಂದವನು ಆ ಭಾನುವಾರ ಬರಲಿಲ್ಲ. ಅವನು ಬರಬೇಕಾದ ಹೊತ್ತಿಗೆ ಸರಿಯಾಗಿ ಬೇರೊಬ್ಬ ಬಂದ.

ಕಬಕದ ಆ ಸಣ್ಣ ಮನೆಯ ಜಗಲಿಯಲ್ಲಿ ಪ್ರೇಮಾವತಿ ಬೆಳಿಗ್ಗೆಯಿಂದ ರಸ್ತೆ ನೋಡುತ್ತ ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಹೆಗಲಿಗೆ ಚೀಲ ಹಾಕಿದ ಎತ್ತರದ ಹುಡುಗನೊಬ್ಬ ಗೇಟಿನ ಹತ್ತಿರ ನಿಂತು, "ಗುರುವಪ್ಪ ಗೌಡರ ಮನೆ ಇದೇ ಅಲ್ವಾ?" ಎಂದು ಕೇಳಿದ. ತೀರಿಹೋದ ಗಂಡನ ಹೆಸರು ಹಿಡಿದು ಬಂದವನೆಂದು ಅವರ ಮನಸ್ಸು ಕರಗಿತು. ಮುಂದೆ ಏನೂ ವಿಚಾರಿಸದೆ ಒಳಗೆ ಕರೆದು ಕೂರಿಸಿ, ಅವಲಕ್ಕಿ, ಹಿಟ್ಟಿನಲ್ಲಿ ಅದ್ದಿ ಕರಿದ ಬಾಳೆಹಣ್ಣಿನ ಪೋಡಿ, ಉಪ್ಪಿನಕಾಯಿ, ಚಹಾ ಎಲ್ಲ ತಂದಿಟ್ಟರು.

"ಸ್ವಲ್ಪ ಪ್ರಶ್ನೆ ಕೇಳ್ಲಿಕ್ಕೆ ಉಂಟು ಅಮ್ಮ. ಬೇಜಾರು ಮಾಡ್ಬಾರದು," ಎಂದ ಅವನು.

"ಕೇಳಿ ಮಾರಾಯ್ರೆ. ಕೇಳ್ಲಿಕ್ಕೇ ಅಲ್ವಾ ಬಂದದ್ದು."

"ಮನೆಯಲ್ಲಿ ಎಷ್ಟು ಜನ?"

"ನಾನು, ಮಗಳು. ಇಬ್ಬರೇ."

"ಮಗಳಿಗೆ ಸಂಬಳ ಉಂಟಾ?"

ಪ್ರೇಮಾವತಿಯವರ ನಗು ಸ್ವಲ್ಪ ಸಣ್ಣದಾಯಿತು. "ಉಂಟು. ಪುತ್ತೂರಲ್ಲಿ ಪಿಯು ಕಾಲೇಜಿನ ಲೆಕ್ಚರರ್."

"ಫ್ರಿಜ್ ಉಂಟಾ? ವಾಷಿಂಗ್ ಮೆಷಿನ್? ಕಾರು, ಸ್ಕೂಟರ್?"

"ಸ್ಕೂಟರ್ ಉಂಟು."

"ಈ ವರ್ಷ ಚಿನ್ನ ಏನಾದ್ರೂ ತೆಗ್ದಿದ್ದೀರಾ?"

ಪರದೆಯ ಹಿಂದೆ ಸೀರೆಯ ನೆರಿಗೆ ಹಿಡಿದು ನಿಂತಿದ್ದ ಮಗಳು ಪ್ರಣೀತಾಗೆ ಇನ್ನು ತಡೆಯಲಾಗಲಿಲ್ಲ. ಅವಳು ಹೊರಗೆ ಬಂದು ಅವನೆದುರು ನಿಂತಳು.

"ನಮ್ಮ ಮನೆಯ ಸಾಮಾನಿನ ಲೆಕ್ಕ ನಿಮಗೆ ಯಾಕೆ? ಇಷ್ಟು ನಾಚಿಕೆ ಬಿಟ್ಟು ವರದಕ್ಷಿಣೆ ಕೇಳುವವರನ್ನು ನಾನು ಇಷ್ಟರವರೆಗೆ ನೋಡಿರಲಿಲ್ಲ."

ಅವನು ಎದ್ದು ನಿಂತ. ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ನೋಡಿದ, ಅವಳ ರೇಷ್ಮೆ ಸೀರೆ ನೋಡಿದ, ತಟ್ಟೆಯ ಪೋಡಿ ನೋಡಿದ. ನಿಧಾನವಾಗಿ ಅವನ ಕಿವಿ ಕೆಂಪಾಯಿತು.

"ನಾನು ಸರ್ವೆಯವ ಮೇಡಂ. ಸರಕಾರದ ಸ್ಯಾಂಪಲ್ ಸರ್ವೆ. ಉದಯ ಅಂತ. ನಿಮ್ಮ ಮನೆ ಸ್ಯಾಂಪಲ್‌ನಲ್ಲಿ ಬಂದದ್ದು."

ಪ್ರೇಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ಪ್ರಣೀತಾ ಒಳಗೆ ಓಡಿಹೋಗಬೇಕೆಂದುಕೊಂಡವಳು ಹೋಗಲಿಲ್ಲ.

"ಸಿಂಪಲ್ ರ‍್ಯಾಂಡಮ್ಮಾ, ಸಿಸ್ಟಮ್ಯಾಟಿಕ್ಕಾ? ಮನೆ ಆರಿಸಿದ್ದು ಚೀಟಿ ಎತ್ತಿದ ಹಾಗಾ, ಇಷ್ಟು ಮನೆಗೊಂದರಂತೆಯಾ?" ಎಂದು ಕೇಳಿದಳು.

ಅವನು ಅವಳನ್ನು ಮೊದಲ ಸಲ ನೇರವಾಗಿ ನೋಡಿದ್ದು ಆಗ. "ನೀವು ಯಾವ ಸಬ್ಜೆಕ್ಟು?"

"ಸ್ಟ್ಯಾಟಿಸ್ಟಿಕ್ಸ್."

"ಇಷ್ಟು ಮನೆಗೆ ಹೋಗಿದ್ದೇನೆ. ಈ ಪ್ರಶ್ನೆ ನನಗೆ ಯಾರೂ ಕೇಳಿದ್ದಿಲ್ಲ," ಎಂದು ಅವನು ಮತ್ತೆ ಕೂತ. "ಎಲ್ಲರೂ ನಮ್ಮ ಮನೆಯೇ ಯಾಕೆ, ಪಕ್ಕದ ಮನೆ ಯಾಕಲ್ಲ ಅಂತಾರೆ."

"ನೀವು ಎಂತ ಹೇಳ್ತೀರಿ?"

"ಕಂಪ್ಯೂಟರು ಕಣ್ಣು ಮುಚ್ಚಿಕೊಂಡು ಬೆರಳು ಇಟ್ಟದ್ದು ಅಂತ."

ಉಳಿದ ಪ್ರಶ್ನೆಗಳಿಗೆ ನಗುತ್ತಲೇ ಉತ್ತರ ಸಿಕ್ಕಿತು. ಕೊನೆಯಲ್ಲಿ ಕಾಯಿಲೆಯ ಭಾಗ. ಮನೆಯಲ್ಲಿ ಯಾರಿಗಾದರೂ ದೀರ್ಘ ಕಾಲದ ರೋಗ ಉಂಟೇ ಎಂದು ಅವನು ಓದಿದ. ಪ್ರೇಮಾವತಿ ಇಲ್ಲವೆಂದು ಹೇಳಿ, "ನಿಮ್ಮಲ್ಲಿ ಎಲ್ಲ ಹುಷಾರಾ?" ಎಂದು ಸಹಜವಾಗಿ ಕೇಳಿದರು. ಟ್ಯಾಬ್ಲೆಟ್ಟಿನ ಮೇಲಿದ್ದ ಅವನ ಬೆರಳು ಹಾಗೇ ನಿಂತಿತು. ಕ್ಷಣದ ಮಾತು. ಮತ್ತೆ ಅವನು ನಕ್ಕು, "ಈಗ ಎಲ್ಲ ಹುಷಾರು," ಎಂದ. ಪ್ರಣೀತಾ ಮಾತ್ರ ಆ ಬೆರಳನ್ನು ನೋಡಿದ್ದಳು.

ಹೊರಡುವಾಗ ತಾನು ಕುಡಿದ ಲೋಟವನ್ನು ತಾನೇ ತೊಳೆದು ಕವುಚಿಟ್ಟ. ಬೇಡವೆಂದರೂ ಕೇಳಲಿಲ್ಲ. ಚಪ್ಪಲಿ ಮೆಟ್ಟುತ್ತ, ಯಾರಿಗೂ ಅಲ್ಲವೆಂಬಂತೆ, "ಇವತ್ತು ಬಾರದವನು ನಾಳೆ ಬೇಜಾರು ಮಾಡ್ಲಿಕ್ಕೆ ಉಂಟು," ಎಂದ.

*

ಆಮೇಲೆ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಆಗಾಗ ಸಿಗತೊಡಗಿದ. ಅವನದು ಕಡಬದ ಬಸ್ಸು, ಅವಳದು ಕಬಕದ ಕಡೆಗೆ. ಎರಡು ಬಸ್ಸುಗಳೂ ಬೇರೆ ಬೇರೆ ದಿಕ್ಕಿಗೆ ಹೋಗುವಂಥವು. ಆದರೂ ಅವನ ಬಸ್ಸು ಅವಳ ಬಸ್ಸಿಗಿಂತ ಮೊದಲು ಹೋದದ್ದನ್ನು ಅವಳು ಒಂದು ದಿನವೂ ನೋಡಲಿಲ್ಲ. ಅವಳ ಮನೆಯಲ್ಲಿ ಸ್ಕೂಟರ್ ಇದ್ದದ್ದು ಅವನಿಗೆ ಗೊತ್ತಿತ್ತು. ಅದು ಹಾಳಾಗಿದೆಯೇ ಎಂದು ಅವನೂ ಕೇಳಲಿಲ್ಲ.

"ಇವತ್ತು ಎಂತ ಪಾಠ?" ಎಂದು ಉತ್ತರಪತ್ರಿಕೆಗಳ ಕಟ್ಟನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತ ಕೇಳುವನು.

"ನಾಣ್ಯ ಹಾರಿಸುದು. ಹೆಡ್ಡು ಬರುವ ಸಾಧ್ಯತೆ ಎಷ್ಟು?"

"ಅರ್ಧ. ಇಷ್ಟು ಹೇಳ್ಲಿಕ್ಕೆ ನಿಮಗೆ ಸಂಬಳವಾ?"

"ನಾಲ್ಕು ಸಲ ಟೈಲು ಬಿದ್ದ ಮೇಲೆ, ಐದನೇ ಸಲ?"

"ಹೆಡ್ಡು ಬರ್ಲೇಬೇಕು ಪಾಪ."

"ನನ್ನ ಹಿಂದಿನ ಬೆಂಚಿನವರೂ ಹೀಗೇ ಹೇಳುದು," ಎಂದು ಅವಳು ನಗುವಳು. ಅವನೂ ನಗುವನು. ಆ ಉತ್ತರವನ್ನು ಅವನು ತಮಾಷೆಗೆ ಹೇಳಿದ್ದಲ್ಲವೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಅವನು ಹೋಗಿಬಂದ ಮನೆಗಳ ಕಥೆ ಹೇಳುತ್ತಿದ್ದ. ಪ್ರಶ್ನೆ ಮುಗಿದರೂ ಬಿಡದೆ ಇನ್ನೂ ಏನಾದರೂ ಕೇಳು ಎಂದ ಮುದುಕಿಗಾಗಿ ಅವನು ಟ್ಯಾಬ್ಲೆಟ್ಟಿನಲ್ಲಿ ಇಲ್ಲದ ಪ್ರಶ್ನೆಗಳನ್ನೂ ಕೇಳಿ ಬಂದಿದ್ದ. ಇಂಥದ್ದನ್ನು ಹೇಳುವಾಗ ಅವಳು ಅವನ ಮುಖ ನೋಡುವಳು, ಅವನು ತಿರುಗಿದರೆ ಬಸ್ಸಿನ ಬೋರ್ಡು ಓದುವಳು.

"ಅದು ವಿಟ್ಲದ ಬಸ್ಸು. ನಿಮಗೆ ವಿಟ್ಲದಲ್ಲಿ ಎಂತ ಕೆಲಸ?"

"ಓದಿದೆ ಅಷ್ಟೆ. ಓದ್ಬಾರದಾ?"

"ಓದಿ. ಆದ್ರೆ ಬೋರ್ಡಿಗೆ ಯಾಕೆ ನಾಚಿಕೆ ಪಡ್ತೀರಿ?"

ಇಷ್ಟೆಲ್ಲ ಇದ್ದೂ ಒಂದು ವಿಷಯ ಅವಳನ್ನು ಒಳಗಿಂದ ಹೆದರಿಸುತ್ತಿತ್ತು. ಅವನ ಮಾತಿನಲ್ಲಿ ಮುಂದಿನ ವಾರ ಇತ್ತು, ಮುಂದಿನ ವರ್ಷ ಇರಲಿಲ್ಲ. ಬರುವ ವರ್ಷ ಮಾವಿನ ಮಿಡಿಯ ಕಾಲದಲ್ಲಿ ತಮ್ಮ ಮನೆಗೆ ಬರಬೇಕು ಎಂದರೆ ಅವನು ಚೀಲದ ಜಿಪ್ಪು ಸರಿಮಾಡುವನು. ಹಳೆಯ ಫೋನು ಬದಲಿಸಿ ಎಂದರೆ, "ಇನ್ನು ಎಷ್ಟು ಬೇಕು, ಸಾಕು," ಎನ್ನುವನು. ಆ ಮಾತುಗಳನ್ನೆಲ್ಲ ಮನೆಗೆ ಬಂದು ನೆನಪು ಮಾಡಿಕೊಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಮಗಳ ಊಟ ಕಡಿಮೆಯಾದದ್ದನ್ನು ಪ್ರೇಮಾವತಿ ಗಮನಿಸಿದರು. ಸರ್ವೆಗೆ ಸಂಬಂಧಪಟ್ಟ ಏನೋ ಸಂಶಯ ಉಂಟೆಂದು ಸುಳ್ಳು ಹೇಳಿ ಉದಯನನ್ನು ಮನೆಗೆ ಕರೆಸಿದರು. ಚಹಾ ಕೊಟ್ಟು, ಎದುರು ಕೂತು, ನೇರವಾಗಿ ಕೇಳಿದರು.

"ಆವತ್ತು ನಾನು ತಪ್ಪು ತಿಳಿದದ್ದು ಹೌದು. ಅದನ್ನು ಸರಿ ಮಾಡ್ಲಿಕ್ಕೆ ಆಗ್ತದಾ ಮಗಾ?"

ಉದಯನ ಮುಖದ ಮೇಲೆ ಮೊದಲು ಬಂದದ್ದು ಸಂತೋಷ. ಪ್ರಣೀತಾ ಅದನ್ನು ಕಣ್ಣಾರೆ ಕಂಡಳು. ಅದರ ಬೆನ್ನಿಗೇ, ಬಾಗಿಲು ಹಾಕಿದ ಹಾಗೆ, ಎಲ್ಲ ಆರಿಹೋಯಿತು.

"ಆಗುದಿಲ್ಲ ಅಮ್ಮ," ಎಂದ. "ನಿಮ್ಮ ಮಗಳಿಗೆ ಒಳ್ಳೆಯವ ಸಿಗ್ಬೇಕು. ತುಂಬ ದಿನ ಜೊತೆಗೆ ಇರುವವ."

ಚಹಾ ಅರ್ಧಕ್ಕೇ ಉಳಿಯಿತು. ಮರುದಿನದಿಂದ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಾಣಲಿಲ್ಲ. ಫೋನು ಮಾಡಿದರೆ ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಲ್ಲುತ್ತಿತ್ತು.

*

ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟವಳು ಕಡಬದ ಬಸ್ಸು ಹತ್ತಿದಳು. ಬಿಸಿಲು ಕಿಟಕಿಯ ಸರಳನ್ನು ಮುಟ್ಟಲು ಬಿಡದಷ್ಟು ಇತ್ತು. ಅವನು ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲಿ ಇರುವುದೆಂದೂ ಅಕ್ಕನ ಹೆಸರು ಸತ್ಯವತಿಯೆಂದೂ ಅವಳಿಗೆ ಗೊತ್ತಿತ್ತು. ಕಡಬದಲ್ಲಿ ಆಟೋದ ಶುಕೂರ್, "ಸರ್ವೆ ಉದಯಣ್ಣನ ಮನೆಯಾ," ಎಂದು ಬಾಗಿಲವರೆಗೆ ಬಿಟ್ಟು, ಮನೆಯಲ್ಲಿ ಜನ ಇದ್ದಾರೆಂದು ಖಾತ್ರಿಯಾದ ಮೇಲೆಯೇ ಆಟೋ ತಿರುಗಿಸಿದ.

ಉದಯ ಕೆಲಸದಿಂದ ಬಂದಿರಲಿಲ್ಲ. ಐವತ್ತರ ಹತ್ತಿರದ, ಬೆನ್ನು ಬಾಗದ ಹೆಂಗಸು ಬಾಗಿಲು ತೆರೆದು, ಅವಳು ಉದಯನನ್ನು ವಿಚಾರಿಸಿದೊಡನೆ ಅವಳ ಕೈ ಹಿಡಿದುಕೊಂಡರು.

"ನೀನೇನಾ. ಅವನು ಹೇಳ್ಲಿಲ್ಲ. ಆದ್ರೆ ಯಾರೋ ಇದ್ದಾರೆ ಅಂತ ನಂಗೆ ಗೊತ್ತಿತ್ತು. ಕೂತ್ಕೊ. ಊಟ ಆಗಿಲ್ಲ ಅಲ್ವಾ?"

ಬಡಿಸಿದ ಸಾರಿನಲ್ಲಿ ಉಪ್ಪು ಇರಲಿಲ್ಲ. ಪಲ್ಯದಲ್ಲೂ ಇರಲಿಲ್ಲ. ಪ್ರಣೀತಾ ಸುಮ್ಮನೆ ಉಣ್ಣುತ್ತಿದ್ದಳು. ಸತ್ಯವತಿ ತಟ್ಟನೆ ನೆನಪಾಗಿ ಉಪ್ಪಿನ ಕರಡಿಗೆ ತಂದಿಟ್ಟರು.

"ಅವನಿಗೆ ಬೇಡ ಅಂತ ನಾವೆಲ್ಲ ಬಿಟ್ಟದ್ದು. ಅವನೊಬ್ಬನಿಗೆ ಬೇರೆ ಮಾಡಿದ್ರೆ ಅವನಿಗೆ ಬೇಜಾರಾಗ್ತದೆ."

"ಅವರಿಗೆ ಎಂತ ಆಗಿದೆ ಅಕ್ಕ?"

ಸತ್ಯವತಿ ಎದುರು ಕೂತರು. ಅವರು ಹೇಳಿದ್ದು ಇಷ್ಟು. ಅವರ ತಂದೆಗೆ ಕಿಡ್ನಿಯ ತುಂಬ ನೀರ್ಗುಳ್ಳೆಗಳಾಗುವ ಕಾಯಿಲೆ ಇತ್ತು. ಗೊತ್ತಾಗುವಾಗ ತಡವಾಗಿತ್ತು. ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗಿ ಬಂದವನು, ಕಾಲು ಒತ್ತಿದವನು, ಕೊನೆಗೆ ಕೈ ಹಿಡಿದು ಕೂತವನು ಉದಯ. ಇದು ವಂಶದಲ್ಲಿ ಇಳಿಯುವಂಥದ್ದು, ಮಕ್ಕಳಲ್ಲಿ ಅರ್ಧ ಜನಕ್ಕೆ ಬರುತ್ತದೆ ಎಂದು ಅಲ್ಲಿನ ಡಾಕ್ಟರು ಅವಸರದಲ್ಲಿ ಹೇಳಿದ್ದರು. ತಂದೆ ಹೋದ ಮೇಲೆ ಸತ್ಯವತಿ ಮತ್ತು ಉದಯನಿಗಿಂತ ದೊಡ್ಡವರಾದ ಇಬ್ಬರು ತಮ್ಮಂದಿರು ಸ್ಕ್ಯಾನ್ ಮಾಡಿಸಿದರು. ಮೂವರಿಗೂ ಇಲ್ಲ.

"ಮತ್ತೆ ಉದಯ ಅವರದ್ದು?"

"ಅವನು ಮಾಡಿಸ್ಲಿಲ್ಲ. ನಾವು ಮೂವರು ಪಾರಾದೆವು. ಉಳಿದವ ಅವನೇ. ಇನ್ನು ನೋಡ್ಲಿಕ್ಕೆ ಎಂತ ಉಂಟು ಮಗಾ?"

ಪ್ರಣೀತಾ ತಟ್ಟೆಯನ್ನು ಬದಿಗೆ ಸರಿಸಿದಳು.

ಸತ್ಯವತಿ ಕಣ್ಣು ಒರೆಸಿಕೊಂಡು ಹೇಳುತ್ತ ಹೋದರು. ಮರ್ಕಂಜದಲ್ಲಿದ್ದ ತಂದೆಯ ಜಾಗ ಪಾಲು ಮಾಡುವಾಗ ಎಲ್ಲರ ಹಾಗೆ ಅವರೂ ಚೀಟಿ ಹಾಕಿದ್ದರು. ಪಾಲಿನ ಹೆಸರು ಬರೆದ ಚೀಟಿಗಳು ಒಂದು ಕಂಚಿನ ಪಾತ್ರೆಯಲ್ಲಿ. ಆದರೆ ರಸ್ತೆ ಬದಿಯ ಜಾಗದ ಚೀಟಿಯನ್ನು ಉದಯನ ಅಣ್ಣಂದಿರು ಪಾತ್ರೆಗೆ ಹಾಕಲೇ ಇಲ್ಲ. ಅದು ಉದಯನಿಗಿರಲಿ ಎಂದರು. ಎಲ್ಲಕ್ಕಿಂತ ಒಳ್ಳೆಯ ಜಾಗ.

"ಅವನು ಯಾಕೆ ಅಂತ ಕೇಳಿದ. ದೊಡ್ಡವ ಹೇಳಿದ, ಅಲ್ಲಿಗೆ ಆಂಬುಲೆನ್ಸ್ ಬರ್ತದೆ ಅಂತ. ಪ್ರೀತಿಯಿಂದಲೇ ಹೇಳಿದ್ದು. ಅವತ್ತಿನಿಂದ ಅವನು ಯಾವುದೂ ಕೇಳುದು ಬಿಟ್ಟ."

ಬೆಳಕು ಇದ್ದ ಆ ಅಡುಗೆಮನೆಯಲ್ಲಿ ಪ್ರಣೀತಾಗೆ ಚಳಿಯಾಯಿತು. ಇಷ್ಟು ಮೆತ್ತಗೆ, ಇಷ್ಟು ಅಕ್ಕರೆಯಿಂದ ಒಬ್ಬನನ್ನು ಕೊನೆಗೆ ಸಿದ್ಧ ಮಾಡುತ್ತಿದ್ದ ಮನೆಯನ್ನು ಅವಳು ಕಂಡಿರಲಿಲ್ಲ. ಒಬ್ಬರದೂ ಕೆಟ್ಟ ಮನಸ್ಸಲ್ಲ. ಒಂದು ತಪ್ಪು ಲೆಕ್ಕ, ಅದರ ಸುತ್ತ ಎಲ್ಲರ ಪ್ರೀತಿ.

*

ಅವನು ಬಂದಾಗ ಅವಳು ಮಾಳಿಗೆಯ ಮೆಟ್ಟಿಲಿನ ಮೇಲೆ ಕೂತಿದ್ದಳು. ಅವಳನ್ನು ಕಂಡು ಗೇಟಿನಲ್ಲೇ ನಿಂತ. ಆಮೇಲೆ ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಅಕ್ಕ ಹೇಳಿದ್ರಾ?"

"ಹೇಳಿದ್ರು. ಸ್ಕ್ಯಾನ್ ಯಾಕೆ ಮಾಡಿಸ್ಲಿಲ್ಲ?"

"ಗೊತ್ತಿರುವುದನ್ನು ಮತ್ತೆ ಯಾಕೆ ನೋಡುದು? ನಾಲ್ಕು ಮಕ್ಕಳು. ಅರ್ಧ ಅಂದ್ರೆ ಇಬ್ಬರಿಗೆ ಬರ್ಬೇಕು. ಮೂವರಿಗೆ ಇಲ್ಲ. ಉಳಿದದ್ದು ನಾನೊಬ್ಬ."

"ಇದು ಪಾಲಿನ ಚೀಟಿ ಅಲ್ಲ ಉದಯ."

ಅವನು ತಲೆ ಎತ್ತಲಿಲ್ಲ. ಅವಳು ಎಷ್ಟೋ ತರಗತಿಗಳಲ್ಲಿ ಹೇಳಿದ ಪಾಠ. ಆದರೆ ಒಬ್ಬ ಮನುಷ್ಯನ ಎದುರು ಕೂತು ಹೇಳುವಾಗ ಒಂದೊಂದು ಪದವನ್ನೂ ಆರಿಸಬೇಕಾಯಿತು.

"ಪಾಲಿನ ಚೀಟಿಗೆ ಎಲ್ಲರಿಗೂ ಸೇರಿ ಒಂದೇ ಪಾತ್ರೆ. ಒಬ್ಬರು ತೆಗೆದದ್ದು ಮತ್ತೆ ಒಳಗೆ ಬೀಳುದಿಲ್ಲ. ಅಲ್ಲಿ ಕೊನೆಯವನಿಗೆ ಉಳಿದದ್ದೇ. ನಿಮ್ಮ ಸರ್ವೆಯ ಮನೆಗಳೂ ಹಾಗೆ, ಒಮ್ಮೆ ಬಂದ ಮನೆ ಮತ್ತೆ ಬರುದಿಲ್ಲ. ಆದ್ರೆ ಇದು ಬೇರೆ. ಒಂದೊಂದು ಮಗು ಆಗುವಾಗಲೂ ಹೊಸ ಪಾತ್ರೆ. ಒಳಗೆ ಎರಡು ಚೀಟಿ, ಒಂದರಲ್ಲಿ ಉಂಟು, ಒಂದರಲ್ಲಿ ಇಲ್ಲ. ಅಕ್ಕ ತೆಗೆದದ್ದು ಅಕ್ಕನ ಪಾತ್ರೆಯಿಂದ. ನಿಮ್ಮ ಪಾತ್ರೆಗೆ ಯಾರೂ ಕೈ ಹಾಕಿಲ್ಲ."

"ಅಂದ್ರೆ ಅವರು ಮೂವರಿಗೆ ಇಲ್ಲ ಅನ್ನುದಕ್ಕೂ ನನಗೂ..."

"ಸಂಬಂಧ ಇಲ್ಲ. ನಾಲ್ವರಿಗೂ ಇಲ್ಲದೆ ಇರಬಹುದಿತ್ತು. ನಾಲ್ವರಿಗೂ ಇರಬಹುದಿತ್ತು. ಡಾಕ್ಟರು ಅರ್ಧ ಜನ ಅಂದದ್ದು ಲೋಕದ ಇಂಥ ಮನೆಗಳನ್ನೆಲ್ಲ ಸೇರಿಸಿ. ನಿಮ್ಮ ಮನೆಯಲ್ಲಿ ಇಬ್ಬರನ್ನು ಆರಿಸಿ ಕೊಡ್ತದೆ ಅಂತ ಅಲ್ಲ."

ಅಂಗಳದಲ್ಲಿ ಸತ್ಯವತಿ ಒಣಗಿದ ಬಟ್ಟೆ ತೆಗೆಯುತ್ತ, ತೆಗೆದದ್ದನ್ನೇ ಮತ್ತೆ ಮಡಚುತ್ತ ಇದ್ದರು.

"ಹಾಗಾದ್ರೆ ನನಗೆ ಎಷ್ಟು?"

"ಅರ್ಧ."

ಅವನ ಮುಖದಲ್ಲಿ ಅವಳು ಸಮಾಧಾನ ಕಾಣಬಹುದೆಂದುಕೊಂಡಿದ್ದಳು. ಕಂಡದ್ದು ಬೇರೆ. ಅವನು ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಅಡಗಿಸಿ ಮುದುಡಿ ಕೂತ.

"ಪ್ರಣೀತಾ, ಇದು ಇನ್ನೂ ಕಷ್ಟ," ಎಂದ. "ಖಂಡಿತ ಉಂಟು ಅಂತ ಇದ್ದಾಗ ನಾನು ಹೇಗೋ ಕೂತಿದ್ದೆ. ಆಸೆ ಇರ್ಲಿಲ್ಲ, ಹೆದರಿಕೆಯೂ ಇರ್ಲಿಲ್ಲ. ಈಗ ಇಲ್ಲದೆಯೂ ಇರಬಹುದು ಅಂತೀರಿ. ಇನ್ನು ನಾನು ನಿದ್ರೆ ಹೇಗೆ ಮಾಡುದು?"

ಇಷ್ಟು ವರ್ಷ ಕರಿಹಲಗೆಯ ಮೇಲೆ ಒಂದು, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಎಂದು ಎಷ್ಟು ಸಲೀಸಾಗಿ ಬರೆದಿದ್ದಳು. ಅದು ಇಷ್ಟು ಇಕ್ಕಟ್ಟಾದ ಜಾಗವೆಂದು ಅವಳಿಗೆ ತಿಳಿದಿರಲಿಲ್ಲ. ಅವಳು ಕೆಳಗಿಳಿದು ಅವನ ಪಕ್ಕದ ಮೆಟ್ಟಿಲಿನಲ್ಲಿ ಕೂತಳು. ಅವನು ಗೋಡೆಯ ಕಡೆ ಸರಿದು ಜಾಗ ಮಾಡಿಕೊಟ್ಟ.

"ನನಗೂ ನಿದ್ರೆ ಬರುದಿಲ್ಲ," ಎಂದಳು. "ಅದಕ್ಕೇ ನೋಡುವ. ಸುಳ್ಯದಲ್ಲಿ ಸ್ಕ್ಯಾನಿಂಗ್ ಉಂಟು. ನಾನು ಬರ್ತೇನೆ."

*

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದಳು. ಪ್ರೇಮಾವತಿ ಹೂ ಕಟ್ಟುತ್ತಿದ್ದವರು ದಾರ ಕೆಳಗಿಟ್ಟರು.

"ಅರ್ಧ ಅಂದ್ರೆ ಎಂತ ಮಗಾ? ಅರ್ಧ ರೋಗವಾ?"

"ಅಲ್ಲಮ್ಮ. ಪೂರ್ತಿ ಇರಬಹುದು, ಇಲ್ಲವೇ ಇಲ್ಲದಿರಬಹುದು."

"ಇದ್ರೆ?"

"ಇದ್ರೆ ಉಂಟು."

"ನಾಳೆ ಮಕ್ಕಳಿಗೆ?"

"ಅದೇ ಅರ್ಧ. ಒಬ್ಬೊಬ್ಬರಿಗೂ ಬೇರೆ ಬೇರೆ."

ಪ್ರೇಮಾವತಿ ಬೇಡವೆಂದರು. ಮತ್ತೂ ಎರಡು ದಿನ ಅದನ್ನೇ ಹೇಳಿದರು. ಗಂಡ ಹೋದ ಮೇಲೆ ಒಂಟಿಯಾಗಿ ಮಗಳನ್ನು ಸಾಕಿದ ತಾಯಿ. ತಾನು ನಡೆದ ದಾರಿಗೇ ಮಗಳು ಗೊತ್ತಿದ್ದೂ ಕಾಲಿಡುವುದನ್ನು ಹೇಗೆ ನೋಡುವುದು? ಪ್ರಣೀತಾ ವಾದ ಮಾಡಲಿಲ್ಲ. ಅಮ್ಮನ ಹೆದರಿಕೆ ಸುಳ್ಳಲ್ಲ. ಅದೇ ಹೆದರಿಕೆ ಅವಳ ಎದೆಯಲ್ಲೂ ಕೂತಿತ್ತು. ತರಗತಿಯಲ್ಲಿ ಹುಡುಗನೊಬ್ಬ ನಾಣ್ಯ ಮೇಲಕ್ಕೆ ಹಾರಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಅದು ಬೆಂಚಿನ ಮೇಲೆ ಬಿದ್ದ ಸದ್ದಿಗೆ ಬೆಚ್ಚಿದಳು.

ಸುಳ್ಯಕ್ಕೆ ಹೊರಡುವ ದಿನ ಅವಳು ಎದ್ದು ಬರುವಾಗ ಅಡುಗೆಮನೆಯಲ್ಲಿ ತಿಂಡಿ ಕಟ್ಟಿದ ಬಾಳೆಲೆಯ ಎರಡು ಪೊಟ್ಟಣ ಇದ್ದವು. ಪ್ರೇಮಾವತಿ ಬೆನ್ನು ತಿರುಗಿಸಿ ಪಾತ್ರೆ ಉಜ್ಜುತ್ತಿದ್ದರು.

"ಸ್ಕ್ಯಾನ್ ಆದ ಮೇಲೆ ಅವನಿಗೆ ಹಸಿವಾಗ್ತದೆ," ಎಂದರು. "ಚಟ್ನಿಯಲ್ಲಿ ಉಪ್ಪು ಹಾಕ್ಲಿಲ್ಲ."

*

ಸ್ಕ್ಯಾನಿಂಗ್ ಕೋಣೆಯ ಹೊರಗೆ ಉದ್ದದ ಬೆಂಚು. ನರ್ಸು ಬಿಪಿ ನೋಡಿ ಬರೆದುಕೊಂಡು, ಹೊಟ್ಟೆ ತುಂಬ ನೀರು ಕುಡಿದು ಕಾಯಬೇಕೆಂದು ಹೇಳಿದ್ದಳು. ಉದಯ ಒಂದು ಬಾಟಲಿ ಮುಗಿಸಿ ಎರಡನೆಯದನ್ನು ದೀನನಾಗಿ ನೋಡುತ್ತಿದ್ದ.

"ಇನ್ನು ಒಂದು ಗುಟುಕು ಹೋದ್ರೆ ಕಣ್ಣಿನಲ್ಲಿ ಬರ್ತದೆ."

"ಕುಡೀರಿ. ಪರೀಕ್ಷೆಗೆ ತಯಾರಿ ಬೇಕು."

ಅವನು ನಕ್ಕ. ನಗು ಕೂಡಲೇ ನಿಂತಿತು. ಬಾಗಿಲು ತೆರೆದು ಒಬ್ಬರು ಹೊರಗೆ ಬಂದರು, ಇನ್ನೊಬ್ಬರ ಹೆಸರು ಕರೆದರು. ಪ್ರತಿ ಸಲ ಬಾಗಿಲು ಕಿರ್ರೆಂದಾಗ ಅವನ ಭುಜ ಬಿಗಿಯುತ್ತಿತ್ತು. ಅವರಿಬ್ಬರ ನಡುವೆ ಬೆಂಚಿನ ಮೇಲೆ ಅವನ ಚೀಲ ಇತ್ತು.

"ಇಲ್ಲ ಅಂತ ಬಂದ್ರೆ," ಎಂದ ಅವನು ನೆಲ ನೋಡುತ್ತ, "ನಿಮ್ಮ ಹತ್ರ ಒಂದು ಮಾತು ಕೇಳ್ಲಿಕ್ಕೆ ಉಂಟು."

"ಈಗ ಕೇಳಿ."

"ಈಗ ಬೇಡ. ಉಂಟು ಅಂತ ಬಂದ್ರೆ ಕೇಳುವ ಹಾಗಿಲ್ಲ."

"ಅದಕ್ಕೇ ಈಗ ಕೇಳ್ಬೇಕು." ಅವಳು ಅವನ ಕಡೆ ಪೂರ್ತಿ ತಿರುಗಿದಳು. "ರಿಸಲ್ಟ್ ನೋಡಿ ಹೌದು ಹೇಳುವವಳು ನಾನಾದ್ರೆ, ಮುಂದೆ ಜ್ವರ ಬಂದ್ರೂ ನೀವು ನನ್ನನ್ನು ಸಂಶಯದಿಂದ ನೋಡ್ಬೇಕಾಗ್ತದೆ. ನನಗೆ ಹೆದರಿಕೆ ಉಂಟು ಉದಯ. ಇಲ್ಲ ಅಂತ ಹೇಳುದಿಲ್ಲ. ಕೈ ನೋಡಿ, ಮಂಜಿನ ಹಾಗೆ ಆಗಿದೆ. ಈ ಹೆದರಿಕೆ ಇಟ್ಕೊಂಡೇ ಹೇಳ್ತೇನೆ. ಕೇಳಿ."

ಅವನು ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿದ. ಪಕ್ಕದಲ್ಲಿದ್ದ ಬಸುರಿ ಹೆಂಗಸು ಕೇಳಿಸದವಳ ಹಾಗೆ ಮುಖ ಆಚೆ ತಿರುಗಿಸಿ ಕೂತಳು.

"ನನ್ನನ್ನು ಮದುವೆ ಆಗ್ತೀಯಾ?" ಎಂದ. ಇಷ್ಟು ದಿನದ ಬಹುವಚನ ಅವನಿಗೆ ತಿಳಿಯದೆಯೇ ಜಾರಿಹೋಗಿತ್ತು.

"ಆಗ್ತೇನೆ."

"ಯೋಚನೆ ಮಾಡು."

"ನಿನ್ನ ಹಾಗೆ ತಪ್ಪು ಲೆಕ್ಕ ಹಾಕಿ ಅಲ್ಲ. ಸರಿ ಲೆಕ್ಕ ಹಾಕಿಯೇ ಹೇಳಿದ್ದು."

ಆಗ ಅವನ ಹೆಸರು ಕರೆದರು.

ಡಾಕ್ಟರ್ ಶಹನಾ ಸಣ್ಣ ಪ್ರಾಯದವರು, ಮೆಲುಮಾತಿನವರು. ಜೊತೆಗೆ ಬಂದವಳನ್ನು ನೋಡಿ, "ಹೆಂಡತಿಯಾ?" ಎಂದರು.

"ಆಗ್ಲಿಕ್ಕೆ ಉಂಟು," ಎಂದ ಉದಯ.

ಡಾಕ್ಟರು ನಕ್ಕು ಅವಳಿಗೊಂದು ಸ್ಟೂಲು ಎಳೆದು ಕೊಟ್ಟರು. ತಂದೆಯ ಕಾಯಿಲೆಯ ಬಗ್ಗೆ ಕೇಳಿ ತಿಳಿದು, ಜೆಲ್ಲು ಹಾಕುವ ಮೊದಲು ತಣ್ಣಗಿರುತ್ತದೆಂದು ಹೇಳಿದರು. ಆಮೇಲೆ ಕೋಣೆಯಲ್ಲಿ ಯಂತ್ರದ ಗುನುಗು ಬಿಟ್ಟರೆ ಏನೂ ಇಲ್ಲ. ಪರದೆಯ ಮೇಲೆ ಬೂದು ಬಣ್ಣ ಅಲೆಯುತ್ತಿತ್ತು. ಅದರ ನಡುವೆ ಕಪ್ಪಗೆ, ದುಂಡಗೆ ಒಂದು ಚುಕ್ಕೆ ಕಾಣಿಸಿತು. ಸ್ವಲ್ಪ ಆಚೆ ಇನ್ನೊಂದು. ಡಾಕ್ಟರ ಕೈ ನಿಧಾನವಾಯಿತು. ಅವರು ಮಾತಾಡುವುದನ್ನು ನಿಲ್ಲಿಸಿದ್ದು ಪ್ರಣೀತಾಗೆ ಗೊತ್ತಾಯಿತು.

ಇನ್ನೊಂದು ಬದಿಯಲ್ಲೂ ಇದ್ದವು.

ಡಾಕ್ಟರು ಜೆಲ್ಲನ್ನು ತಾವೇ ಒರೆಸಿದರು. ಅವನು ಎದ್ದು ಕೂರುವವರೆಗೆ ಕಾದು, ಅವರಿಬ್ಬರಿಗೂ ಕಾಣುವಂತೆ ಕುರ್ಚಿ ತಿರುಗಿಸಿಕೊಂಡರು.

"ಉಂಟು," ಎಂದರು. "ಎರಡೂ ಕಿಡ್ನಿಯಲ್ಲಿ. ಆದ್ರೆ ಸಣ್ಣವು. ಕಿಡ್ನಿಯ ಸೈಜು ಇನ್ನೂ ಸರಿಯಾಗಿ ಉಂಟು. ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿಯ ಡಾಕ್ಟರಿಗೆ ತೋರ್ಸಿ. ಹೊರಗೆ ನೋಡಿದ ಬಿಪಿ ಜಾಸ್ತಿ ಉಂಟು, ಅದಕ್ಕೆ ಈಗಲೇ ಮದ್ದು ಬೇಕು. ನಿಮ್ಮ ತಂದೆಯವರದ್ದು ತಡವಾಗಿ ಗೊತ್ತಾದದ್ದು ಅಂದ್ರಲ್ಲ, ನಿಮ್ಮದು ಹಾಗಲ್ಲ. ಬಿಪಿ ಹಿಡಿತದಲ್ಲಿ ಇಟ್ಕೊಂಡು ತುಂಬ ವರ್ಷ ಚೆನ್ನಾಗಿ ಇರುವವರು ಇದ್ದಾರೆ. ಎಲ್ಲರೂ ಅಂತ ನಾನು ಹೇಳುದಿಲ್ಲ. ಬೇಗ ಬಂದದ್ದು ಒಳ್ಳೆಯದಾಯ್ತು."

ಹೊರಗೆ ಬಂದು ಅದೇ ಬೆಂಚಿನಲ್ಲಿ ಕೂತರು. ಚೀಲವನ್ನು ಉದಯ ಮತ್ತೆ ನಡುವೆ ಇಟ್ಟ.

"ನಾನು ಹೇಳಿದ್ದೆ," ಎಂದ.

"ಉತ್ತರ ಸರಿ, ಲೆಕ್ಕ ತಪ್ಪು. ನನ್ನ ಪೇಪರಿನಲ್ಲಿ ಸೊನ್ನೆ." ತಮಾಷೆ ಮಾಡಲು ಹೋಗಿ ಅವಳ ಸ್ವರ ಒಡೆಯಿತು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ. "ಆ ತಪ್ಪು ಲೆಕ್ಕದಿಂದ ನೀನು ಇಲ್ಲಿಗೆ ಬರದೆ ಇದ್ದದ್ದು. ಬಿಪಿ ಏರಿದ್ದು ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಆಗ ಕೇಳಿದ ಮಾತು ವಾಪಸ್ ತಗೊಳ್ತೇನೆ ಪ್ರಣೀತಾ."

"ಕೇಳಿದ್ದು ನೀನು. ಹೇಳಿದ್ದು ನಾನು. ನನ್ನದನ್ನು ನೀನು ಹೇಗೆ ತಗೊಳ್ತೀ?"

"ಹೆದರಿಕೆ ಆಗುದಿಲ್ವಾ ನಿಂಗೆ?"

"ಆಗ್ತದೆ. ಬೆಳಿಗ್ಗೆಗಿಂತ ಜಾಸ್ತಿ ಆಗ್ತದೆ."

ಅವನು ಏನೋ ಹೇಳಹೊರಟ. ಫೋನು ಹೊಡೆದುಕೊಂಡಿತು. ಅಕ್ಕ. ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ಕೂತ. ಎತ್ತಲಾರ, ಬಿಡಲಾರ. ಕೊನೆಗೆ ಅವಳ ಕಡೆ ಚಾಚಿದ.

"ನೀನು ಹೇಳ್ತೀಯಾ?"

ಪ್ರಣೀತಾ ಫೋನು ಕಿವಿಗಿಟ್ಟಳು. "ಅಕ್ಕ, ನಾನು. ಉಂಟಂತೆ. ಸಣ್ಣದು. ಮದ್ದು ಶುರು ಮಾಡ್ಬೇಕು ಅಂದಿದ್ದಾರೆ."

ಆ ಬದಿಯಲ್ಲಿ ಸತ್ಯವತಿಯವರು ತಡೆತಡೆದು ಅಳುವುದು ಕೇಳಿತು.

"ನಮ್ಮ ಮೂವರದ್ದೂ ಅವನ ತಲೆ ಮೇಲೆ ಹೋಗಿ ಬಿತ್ತು ಮಗಾ. ಮೂರೂ ಜನ ಆರಾಮ ಇದ್ದೇವೆ. ಸಣ್ಣವನಿಗೆ ಬಿಟ್ಟು ನಾವು ತಪ್ಪಿಸಿಕೊಂಡೆವು."

ಆಗ ಪ್ರಣೀತಾಗೆ ಅರ್ಥವಾಯಿತು. ಆ ಮನೆಯಲ್ಲಿ ಹೆದರಿದವನು ಉದಯ ಒಬ್ಬನೇ ಅಲ್ಲ. ಉಪ್ಪು ಬಿಟ್ಟ ಅಕ್ಕ, ರಸ್ತೆ ಬದಿಯ ಜಾಗ ಬಿಟ್ಟ ಅಣ್ಣಂದಿರು, ಆರೋಗ್ಯವನ್ನು ಕದ್ದ ಸಾಮಾನಿನ ಹಾಗೆ ಬಚ್ಚಿಟ್ಟುಕೊಂಡು ಬದುಕುತ್ತಿದ್ದವರು ಅವರೆಲ್ಲ.

"ಇಲ್ಲ ಅಕ್ಕ," ಎಂದಳು. "ನಿಮ್ಮದು ನಿಮ್ಮದೇ. ನಿಮಗೆ ಇಲ್ಲದೆ ಹೋದದ್ದಕ್ಕೆ ಅವನಿಗೆ ಬಂದದ್ದಲ್ಲ. ನಿಮಗೆ ಬಂದಿದ್ರೂ ಅವನಿಗೆ ಬರುವ ಸಾಧ್ಯತೆ ಇಷ್ಟೇ ಇತ್ತು. ನೀವು ಅವನಿಂದ ಎಂತದೂ ತೆಗ್ದುಕೊಳ್ಳಲಿಲ್ಲ."

ಅಳು ನಿಂತಿತು. "ಹೌದಾ? ನಿಂಗೆ ಸರಿಯಾಗಿ ಗೊತ್ತುಂಟಾ?"

"ಗೊತ್ತುಂಟು. ನಾನು ಕಲಿಸುದೇ ಅದು."

"ಇನ್ನೊಮ್ಮೆ ಹೇಳು ಮಗಾ."

ಪ್ರಣೀತಾ ಇನ್ನೊಮ್ಮೆ ಹೇಳತೊಡಗಿದಳು, ನಿಧಾನವಾಗಿ, ಮೊದಲಿನಿಂದ. ಉದಯ ಕೇಳುತ್ತ ಕೂತಿದ್ದ. ಅವಳು ಅರ್ಧ ಹೇಳಿರುವಾಗ ನಡುವೆ ಇದ್ದ ಚೀಲವನ್ನು ಎತ್ತಿ ಆಚೆ ಬದಿಗೆ ಇಟ್ಟು, ಅವಳ ಹತ್ತಿರ ಸರಿದು ಕೂತ.